ನಯಾಜ್ ಪಾಷಾನ ತುಂಬದ ಮಿಷನ್ನು

ಎಲ್ಲದಕ್ಕೂ ಮೂಲ ಒಂದು ಪೈಜಾಮ. ಮದ್ದೂರಿನಲ್ಲಿ ಇದ್ದಿಲಿನಿಂದ ಓಡುವ ಬಸ್ಸುಗಳನ್ನು ರಿಪೇರಿ ಮಾಡುತ್ತಿದ್ದ ನಯಾಜ್ ಪಾಷಾನ ಪೈಜಾಮ ಸಾಮಾನ್ಯದ್ದಲ್ಲ. ಬಿಚ್ಚಿ ಮೂಲೆಯಲ್ಲಿಟ್ಟರೆ ಗ್ರೀಸಿನ ದೆಸೆಯಿಂದ ತಾನಾಗಿಯೇ ನಿಂತುಕೊಳ್ಳುತ್ತಿತ್ತು. ಮೂರು ವರ್ಷ ಅದನ್ನು ಕಲ್ಲಿಗೆ ಬಡಿದು ಬಡಿದು ಅವನ ಹೆಂಡತಿ ಹಬೀಬುನ್ನೀಸಾಳ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಒಂದು ದಿನ ಅವಳು ಒದ್ದೆ ಪೈಜಾಮವನ್ನು ಹಿತ್ತಲಲ್ಲೇ ಬಿಟ್ಟು, "ಇದನ್ನ ಒಗೆಯೋರು ಬೇರೆ ಯಾರಾದ್ರೂ ಸಿಕ್ಕಿದ ಮೇಲೆ ಕಾಗದ ಹಾಕಿ" ಎಂದು ಹೇಳಿ, ಮಳವಳ್ಳಿಯ ತವರಿಗೆ ಬಸ್ಸು ಹತ್ತಿಬಿಟ್ಟಳು. ಆ ಬಸ್ಸಿನ ಇಂಜಿನ್ನನ್ನು ಹಿಂದಿನ ದಿನವಷ್ಟೇ ನಯಾಜನೇ ರಿಪೇರಿ ಮಾಡಿದ್ದ. ಇಲ್ಲದಿದ್ದರೆ ಅದು ಅಷ್ಟು ಚುರುಕಾಗಿ ಹೊರಡುತ್ತಿರಲಿಲ್ಲ.

ಎರಡನೇ ಮಹಾಯುದ್ಧ ಮುಗಿದು ವರ್ಷವಾಗಿತ್ತು. ಬೆಂಗಳೂರಿನ ದಂಡಿನಲ್ಲಿ ಮಿಲಿಟರಿಯವರು ಬಿಟ್ಟುಹೋದ ಸಾಮಾನು ಹರಾಜಾಗುತ್ತಿತ್ತು. ಟೈರು ತರಲು ಹೋದ ನಯಾಜ್ ಒಂದು ಹಸಿರು ಬಣ್ಣದ ಡ್ರಮ್ಮಿನ ಮುಂದೆ ನಿಂತುಬಿಟ್ಟ. ಮೇಲೆ ಮುಚ್ಚಳ, ಪಕ್ಕದಲ್ಲಿ ತಿರುಗಿಸುವ ಹಿಡಿ, ನೀರು ಬರಲು ಕೊಳವೆ. "ಬಟ್ಟೆ ಒಗೆಯೋ ಮಿಷನ್ನು, ದೊರೆಗಳ ಬಂಗಲೇಲಿದ್ದದ್ದು" ಎಂದ ದಲ್ಲಾಳಿ. ನಯಾಜ್ ಒಳಗೆ ಕೈ ಹಾಕಿ ಸವರಿದ. ಒರಟೊರಟಾಗಿತ್ತು. ಬಟ್ಟೆ ಒಗೆಯುವ ಕಲ್ಲೂ ಒರಟಾಗಿಯೇ ಇರುತ್ತದಲ್ಲ! ಇಂಜಿನ್ನು ಬಿಚ್ಚಿ ಜೋಡಿಸುವ ತನಗೆ ಯಂತ್ರದ ವಿಷಯ ಯಾರೂ ಹೇಳಿಕೊಡಬೇಕಾಗಿಲ್ಲ ಎಂದುಕೊಂಡು, ಟೈರು ಬಿಟ್ಟು ಡ್ರಮ್ಮು ಹೊತ್ತು ಊರಿಗೆ ಬಂದ.

ಮಳವಳ್ಳಿಗೆ ಕಾಗದ ಹೋಯಿತು. ಉತ್ತರ ಬಂದದ್ದು ಹೆಂಡತಿಯಿಂದಲ್ಲ, ಅತ್ತೆ ರಹಮತ್ ಬೀಯಿಂದ. 'ಭಾನುವಾರ ಮಧ್ಯಾಹ್ನದ ಬಸ್ಸಿಗೆ ಮಗಳನ್ನು ಕರೆತರುತ್ತೇನೆ. ನಿನ್ನ ಮಿಷನ್ನು ನನ್ನ ಕಣ್ಣೆದುರು ಒಗೆದರೆ ಅವಳನ್ನು ಬಿಟ್ಟು ಐದು ಗಂಟೆ ಬಸ್ಸಿಗೆ ನಾನೊಬ್ಬಳೇ ಹಿಂತಿರುಗುತ್ತೇನೆ. ಒಗೆಯದಿದ್ದರೆ ಇಬ್ಬರೂ ಹಿಂತಿರುಗುತ್ತೇವೆ.' ನಯಾಜ್ ಕಾಗದವನ್ನು ನಾಲ್ಕು ಸಲ ಓದಿಸಿಕೊಂಡ. ನಾಲ್ಕು ಸಲವೂ ಅದೇ ಇತ್ತು.

ಆ ಭಾನುವಾರ ಬೆಳಿಗ್ಗೆ ಮಿಷನ್ನು ಅಲ್ಲಾಡದಿರಲಿ ಎಂದು ಅಂಗಳದಲ್ಲಿ ಹಳೆಯ ಲಾರಿ ಟೈರಿನ ಎರಡು ತುಂಡುಗಳ ಮೇಲೆ ಕೂರಿಸಿದ. ಎತ್ತರದಲ್ಲಿ ಸೀಮೆಎಣ್ಣೆ ಡಬ್ಬ ಕಟ್ಟಿ, ಅದರಿಂದ ಮಿಷನ್ನಿಗೆ ರಬ್ಬರ್ ಕೊಳವೆ ಜೋಡಿಸಿ, ಬಾವಿಯಿಂದ ಎರಡು ಕೊಡ ನೀರು ತಂದು ಸುರಿದ. ನೀರು ಬುಳುಬುಳು ಎನ್ನುತ್ತಾ ಒಳಗೆ ಹೋಯಿತು. ಮುಚ್ಚಳ ತೆಗೆದು ನೋಡಿದರೆ ತಳ ಮಾತ್ರ ಒದ್ದೆ. ಇನ್ನೆರಡು ಕೊಡ ಸುರಿದ. ಮತ್ತೆ ತಳ ಒದ್ದೆ.

ಪಕ್ಕದ ಮನೆಯ ಹೊಂಬಾಳಮ್ಮ ಗೋಡೆಯ ಮೇಲಿಂದ ತಲೆ ಹಾಕಿದಳು. "ಏನ್ ಪಾಸಣ್ಣ, ಸಾರಾಯಿ ಗೀರಾಯಿ ಕಾಯಿಸ್ತಿದ್ದೀಯಾ?"

"ಬಟ್ಟೆ ಒಗೆಯೋ ಮಿಷನ್ನು ಕಣಕ್ಕ. ನೀರೇ ತುಂಬ್ತಿಲ್ಲ."

"ನಾಕು ಕೊಡಕ್ಕೇ ತುಂಬಾಕೆ ಅದೇನು ಚೆಂಬಾ? ತಡಿ, ನಮ್ ಸೊಸೇರ್ನ ಕರೀತೀನಿ."

ಮೂವರು ಸೊಸೆಯರು ಕೊಡ ಹಿಡಿದು ಬಂದರು. ಹತ್ತು ಕೊಡವಾಯಿತು, ಹದಿನೈದಾಯಿತು. ಸೊಸೆಯರು ಬೆವರಿದರು, ಮಿಷನ್ನು ಮಾತ್ರ ಬಾಯಾರಿದವರ ಹಾಗೆ ಕುಡಿಯುತ್ತಲೇ ಇತ್ತು. ಹೊಂಬಾಳಮ್ಮ ಸೊಂಟದ ಮೇಲೆ ಕೈಯಿಟ್ಟು, "ಉಯ್ಯಿರಮ್ಮ, ಉಯ್ಯಿರಿ" ಎಂದು ಯಜಮಾನಿಕೆ ಮಾಡುತ್ತಿದ್ದಳು.

ಗಲಾಟೆ ಕೇಳಿ ಎದುರುಮನೆಯ ಲಿಂಗಯ್ಯ ಮೇಷ್ಟ್ರು ಬಂದರು. ಕನ್ನಡಕ ಏರಿಸಿ ಕೊಳವೆಯನ್ನು ಪರೀಕ್ಷಿಸಿದರು. "ಪಾಷಾ, ಒಳಗಿರೋ ಗಾಳಿ ಹೊರಗೆ ಬರದೆ ನೀರು ಒಳಗೆ ನಿಲ್ಲಲ್ಲ. ಮೂರನೇ ಕ್ಲಾಸಿನ ಹುಡುಗರಿಗೂ ಗೊತ್ತು. ಆ ಕೊಳವೆ ಬಾಯಿಗಿಟ್ಟು ಗಾಳಿ ಎಳಿ."

ಮೇಷ್ಟ್ರ ಮಾತು. ನಯಾಜ್ ಕಣ್ಣು ಮುಚ್ಚಿ ಎಳೆದ.

"ಗಾಳಿ ಬಂತಾ?"

"ಸೀಮೆಎಣ್ಣೆ ಬಂತು ಮೇಷ್ಟ್ರೇ" ಎಂದು ನಯಾಜ್ ಉಗುಳಿದ.

"ಹಾಗಾದ್ರೆ ಇನ್ನೊಂದು ಸಲ ಎಳಿ. ಮೊದಲು ಎಣ್ಣೆ, ಆಮೇಲೆ ಗಾಳಿ."

ನಯಾಜ್ ಮತ್ತೆ ಎಳೆಯುವ ಬದಲು ಸ್ಪ್ಯಾನರು ತಂದು, ಕೊಳವೆ, ತಿರುಪು ಎಲ್ಲ ಬಿಚ್ಚಿ, ಒರೆಸಿ, ಊದಿ, ಮತ್ತೆ ಜೋಡಿಸಿದ. ಆ ಹೊತ್ತಿಗೆ ನಲವತ್ತು ಕೊಡ ಮುಗಿದು ಬಾವಿಯ ತಳ ಕಾಣುತ್ತಿತ್ತು. ಎಲ್ಲರೂ ಮೇಲಿನಿಂದ ಇಣುಕುತ್ತಿದ್ದರೇ ಹೊರತು ಕೆಳಗೆ ಬಗ್ಗಿ ನೋಡುವುದು ಯಾರಿಗೂ ಹೊಳೆಯಲಿಲ್ಲ. ಕೊನೆಗೆ ಹೊಂಬಾಳಮ್ಮನ ಕಾಲು ಮೀನಖಂಡದವರೆಗೆ ಕೆಸರಿನಲ್ಲಿ ಹೂತುಕೊಂಡಿತು.

"ಅಲ್ಲ ಪಾಸಣ್ಣ, ನೀರು ನಿಲ್ತಿಲ್ಲ ಸರಿ. ಅಂಗಳ ನಾಟಿ ಗದ್ದೆ ಆಗ್ಯದಲ್ಲಪ್ಪ, ಇದೆಲ್ಲಿಂದ ಬಂತು?"

ನಯಾಜ್ ಹೊಟ್ಟೆಯ ಮೇಲೆ ಮಲಗಿ ನೋಡಿದ. ಮಿಷನ್ನಿನ ಅಡಿಯಲ್ಲಿ, ಒಳಗಿನ ತಿರುಗುವ ತಟ್ಟೆಯ ಮರೆಗೆ, ಮುಷ್ಟಿ ಗಾತ್ರದ ತೂತು! "ಬಿರಡೆ ಎಲ್ಲೋ ಬಿದ್ದುಹೋಗಿದೆ, ಅಷ್ಟೇ!" ಎಂದು ಕೂಗಿದ. ಮುಷ್ಟಿ ಗಾತ್ರದ ಬಿರಡೆ ಎಲ್ಲಿಂದ ತರುವುದು? ಹೊಂಬಾಳಮ್ಮ ಒಳಗೆ ಹೋಗಿ, ಮಿಕ್ಕಿದ್ದ ಒಂದು ತಂಗಳು ರಾಗಿಮುದ್ದೆ ತಂದು ತಾನೇ ಬಗ್ಗಿ ತೂತಿಗೆ ತುರುಕಿದಳು. ಬಾವಿಯಲ್ಲಿ ಉಳಿದಿದ್ದ ಕೊನೆಯ ಎಂಟು ಕೊಡಕ್ಕೆ ಮಿಷನ್ನು ತುಂಬಿ ನಿಂತಿತು. ಸೊಸೆಯರು ಚಪ್ಪಾಳೆ ತಟ್ಟಿದರು. "ನಾನು ಹೇಳ್ಲಿಲ್ವಾ, ಗಾಳಿ ಹೋಯ್ತು" ಎಂದರು ಮೇಷ್ಟ್ರು.

ಅಷ್ಟರಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

ರಹಮತ್ ಬೀ ಭಾರಿ ಆಳು. ಬಾಗಿಲುಗಳಲ್ಲಿ ಬಗ್ಗಿಯೇ ಅಭ್ಯಾಸ. ಹೊಸ ಕಪ್ಪು ಬುರ್ಖಾ ತೊಟ್ಟು, ಹಿಂದೆ ಮಗಳನ್ನಿಟ್ಟುಕೊಂಡು ಗಂಭೀರವಾಗಿ ಅಂಗಳಕ್ಕೆ ಕಾಲಿಟ್ಟಳು. ಕಾಲು ಜಾರಿತು. ಹಿಡಿಯಲು ನುಗ್ಗಿದ ನಯಾಜನೂ ಜಾರಿದ. ಅತ್ತೆ ಅಳಿಯ ಇಬ್ಬರೂ ಕೆಸರಿನಲ್ಲಿ ಎದುರುಬದುರು ಕೂತರು.

ರಹಮತ್ ಬೀ ಎದ್ದು ಮನೆಯೊಳಗೆ ಹೋದಳು. ಸ್ವಲ್ಪ ಹೊತ್ತಿಗೆ ಬಾಗಿಲ ಸಂದಿಯಿಂದ ಒಂದು ಕೈ, ಕೈಯಲ್ಲಿ ಕೆಸರು ಸುರಿಯುವ ಬುರ್ಖಾ ಹೊರಗೆ ಬಂತು. "ಮೊದಲು ಇದನ್ನೇ ಒಗೆಯಲಿ ನಿನ್ನ ಮಿಷನ್ನು."

ನಯಾಜ್ "ಬಿಸ್ಮಿಲ್ಲಾ" ಎಂದು ಬುರ್ಖಾ ಹಾಕಿ, ಸೋಪು ಹಾಕಿ ಹಿಡಿ ತಿರುಗಿಸಿದ. ಒಳಗೆ ಗರಗರ ಸದ್ದಾಯಿತು.

"ಒಗೆಯೋದು ಅಂದ್ರೆ ಇಂಗಿರಬೇಕು" ಎಂದಳು ಹೊಂಬಾಳಮ್ಮ. ಬಾಗಿಲ ಮರೆಯಲ್ಲಿ ನಿಂತಿದ್ದ ಹಬೀಬುನ್ನೀಸಾ ಸಣ್ಣಗೆ ನಕ್ಕಳು. ಎರಡು ತಿಂಗಳಿಂದ ಕಾಣದ ನಗು! ನಯಾಜನಿಗೆ ಎಲ್ಲಿಲ್ಲದ ಹುರುಪು ಬಂದು, ನಿಂತ ಬಸ್ಸು ಶುರು ಮಾಡುವ ರಭಸದಲ್ಲಿ ಕಾಲು ಗಂಟೆ ತಿರುಗಿಸಿದ. ಆಮೇಲೆ ಮುಚ್ಚಳ ತೆಗೆದು ಕೈ ಹಾಕಿದ. ಕೈಗೆ ಬಂದದ್ದು ಒಂದು ಹಿಡಿ ಕಪ್ಪು ಶ್ಯಾವಿಗೆ. ಮತ್ತೆ ಕೈ ಹಾಕಿದ. ಇನ್ನೊಂದು ಹಿಡಿ, ಜೊತೆಗೆ ಮೂರು ಗುಂಡಿ.

ಅದೇ ಹೊತ್ತಿಗೆ ಬಂಡೂರಿನ ತಿಮ್ಮಯ್ಯ ಸೈಕಲ್ ಪಂಕ್ಚರ್ ಆಯಿತೆಂದು ತಳ್ಳಿಕೊಂಡು ಬಂದ. ಮಿಲಿಟರಿಯ ಅಡಿಗೆಮನೆಯಲ್ಲಿ ಆರು ವರ್ಷ ದುಡಿದು ಬಂದವನು. ಡ್ರಮ್ಮು ನೋಡಿ ಹಳೆಯ ಗೆಳೆಯ ಸಿಕ್ಕಂತೆ ಮುಖ ಅರಳಿಸಿದ.

"ಲೇ ಪಾಷಾ, ಇದು ನಮ್ ಆಲೂಗಡ್ಡೆ ಮಿಷನ್ನು ಕಣ್ಲಾ! ಒಳಗೆ ಹಾಕಿ ತಿರುಗಿಸಿದ್ರೆ ಸಿಪ್ಪೆ ಕೆರೆದು ಬುಡ್ತದೆ. ನೀರು ಮೇಲಿಂದ ಬಂದು ಸಿಪ್ಪೆ ಸಮೇತ ಕೆಳಗಿಂದ ಓಯ್ತಾ ಇರ್ಬೇಕು. ಅದು ತುಂಬಾಕೇ ಬಾರ್ದು! ಯಾರ್ಲಾ ತೂತಿಗೆ ಮುದ್ದೆ ತುರುಕಿದೋರು?"

ಎಲ್ಲರೂ ತಿರುಗಿ ನೋಡುವಷ್ಟರಲ್ಲಿ ಹೊಂಬಾಳಮ್ಮ ತನ್ನ ಮನೆಯೊಳಗಿದ್ದಳು.

ಒಳಗಿನಿಂದ ರಹಮತ್ ಬೀಯ ದನಿ ಕೇಳಿಸಿತು. "ಹಬೀಬಾ, ಗಂಟು ಬಿಚ್ಚಬೇಡ. ಐದು ಗಂಟೆ ಬಸ್ಸು."

ನಯಾಜನಿಗೆ ನಿಜವಾಗಿ ಅಳು ಬಂತು. ಕೆಸರು ಕೈಯಲ್ಲೇ ಕಣ್ಣೊರೆಸಿಕೊಂಡ. ಆಗ ಹಬೀಬುನ್ನೀಸಾ ಮೆಲ್ಲಗೆ ಕೇಳಿದಳು. "ಅಮ್ಮೀ, ನೀವು ಏನು ತೊಟ್ಕೊಂಡು ಬಸ್ಸು ಹತ್ತುತೀರಾ?"

ಒಳಗೆ ಮಗಳ ಬುರ್ಖಾ ತೊಟ್ಟು ನೋಡಿದ್ದಾಯಿತು; ಮೊಣಕಾಲಿಗೇ ನಿಂತಿತು. "ಚಾದರ ಹೊದ್ಕೊಂಡು ಹೋಗಿ ಅಮ್ಮಾ" ಎಂದು ಮೇಷ್ಟ್ರು ಹೊರಗಿನಿಂದ ಸಲಹೆ ಕೊಟ್ಟರು. "ನಾನೇನು ಜ್ವರ ಬಂದೋಳಾ?" ಎಂದು ಉತ್ತರ ಬಂತು. ಐದು ಗಂಟೆ ಬಸ್ಸು ಹಾರನ್ನು ಹೊಡೆದು ಹೊರಟೇ ಹೋಯಿತು. ಹೆಂಡತಿ ಉಳಿದಳು! ನಯಾಜ್ ಆಲೂಗಡ್ಡೆ ಮಿಷನ್ನನ್ನು ತಬ್ಬಿಕೊಳ್ಳುವುದೊಂದು ಬಾಕಿ.

"ನಾಳೇನೇ ಬಟ್ಟೆ ತಂದು ಹೊಲಿಸ್ತೀನಿ ಅಮ್ಮಾ!" ಎಂದು ಉದಾರವಾಗಿ ಕೂಗಿದ.

ಮೇಷ್ಟ್ರು ತಲೆಯಾಡಿಸಿದರು. "ಎಲ್ಲಿಂದ ತರ್ತೀಯೋ? ಬಟ್ಟೆ ಕಂಟ್ರೋಲು. ನಿನ್ನ ಕಾರ್ಡಿನ ಪಾಲು ಆಗಲೇ ಮುಗಿದಿದೆ. ಅಮ್ಮನೋರ ಎತ್ತರಕ್ಕೆ ಬೇಕಾದಷ್ಟು ಕರಿ ಬಟ್ಟೆ ರೇಷನ್ ಡಿಪೋಗೆ ಬರೋದು ಅಂದ್ರೆ... ಮುಂದಿನ ರಂಜಾನ್ ಅಂತಿಟ್ಕೋ."

"ಅಲ್ಲೀವರೆಗೆ?"

ಅದಕ್ಕೆ ಉತ್ತರ ಕೊಟ್ಟವಳು ರಹಮತ್ ಬೀ. "ಅಲ್ಲೀವರೆಗೆ ಇಲ್ಲೇ ಇರ್ತೀನಿ. ನಾನಿರೋವರೆಗೆ ನನ್ನ ಮಗಳು ಒಗೆಯೋ ಕಲ್ಲಿನ ಹತ್ತಿರ ಹೋಗಕೂಡದು."

ಆ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ. ಸಂಜೆ ಹಬೀಬುನ್ನೀಸಾ ಬಾಗಿಲಿಗೆ ಬಂದು, ಗಂಡನ ಮುಖ ನೋಡಲಾರದೆ, ಒಂದು ಕಂಕುಳಿಗೆ ಚಾಪೆಯನ್ನೂ ಇನ್ನೊಂದಕ್ಕೆ ಕೆಸರು ಬಟ್ಟೆಯ ಗಂಟನ್ನೂ ಕೊಟ್ಟಳು. ನಯಾಜ್ ಬಸ್ಸಿನ ಶೆಡ್ಡಿನ ಕಡೆ ಹೊರಟ. ಗೋಡೆಯ ಮೇಲಿಂದ ಹೊಂಬಾಳಮ್ಮನ ತಲೆ ಮತ್ತೆ ಕಾಣಿಸಿತು.

"ಎಂಡ್ರು ಬಂದ್ರಲ್ಲ ಪಾಸಣ್ಣ, ನೀನ್ ಎತ್ತಗೋಯ್ತಿದ್ದೀಯೆ?"

"ತವರಿಗೆ ಕಣಕ್ಕ" ಎಂದ ನಯಾಜ್.