ತೀರ್ಪುಗಾರರ ಜೇಬಿಗೆ ಮೂತಿ ಹಾಕಿದ ದೊರೆಯವರಿಗೆ

ಮಾನ್ಯ ದೊರೆಯವರೇ,

ಅಡುಗೆಮನೆಯ ಬಾಗಿಲಿಗೆ ಅಡ್ಡಲಾಗಿ ಪವಡಿಸಿ ಮನೆಮಂದಿಯಿಂದೆಲ್ಲ ದಾಟಿಸಿಕೊಳ್ಳುವ, ಉದ್ದ ಮೈಯ, ಗಿಡ್ಡ ಕಾಲಿನ, ಶುದ್ಧ ತಳಿಯ ಶ್ವಾನಶ್ರೇಷ್ಠರಾದ ತಮಗೆ, ತಮ್ಮ ಹಗ್ಗದ ಇನ್ನೊಂದು ತುದಿಯಲ್ಲಿ ಬೆಳೆದು ದೊಡ್ಡವಳಾದ ನಾನು ತಗ್ಗಿ ಬಗ್ಗಿ ಮಾಡುವ ನಮಸ್ಕಾರಗಳು. ತಗ್ಗದೆ ಬಗ್ಗದೆ ತಮ್ಮ ಎತ್ತರಕ್ಕೆ ಯಾವ ನಮಸ್ಕಾರವೂ ತಲುಪುವುದಿಲ್ಲ.

ತಮ್ಮ ವಂಶಾವಳಿಯಲ್ಲಿ ಮುತ್ತಜ್ಜನ ಮುತ್ತಜ್ಜಿಯ ಹೆಸರೂ ಇದೆ. ನಮ್ಮ ಮನೆಯಲ್ಲಿ ಅಜ್ಜನ ಅಪ್ಪನ ಹೆಸರು ಕೇಳಿದರೆ ಎಲ್ಲರೂ ಫ್ಯಾನಿನ ಕಡೆ ನೋಡುತ್ತಾರೆ. ಇಂಥ ಮನೆತನದವರು ನನ್ನಿಂದ ಪಾಠ ಹೇಳಿಸಿಕೊಂಡದ್ದೇ ದೊಡ್ಡತನ. ನಾನು "ಕೂತ್ಕೋ" ಎಂದಾಗ ತಾವು ನಿಂತಿರಿ, "ನಿಲ್ಲು" ಎಂದಾಗ ಮಲಗಿದಿರಿ, ಕಡೆಗೆ ತಾವು ಮಾಡಲಿರುವುದನ್ನು ಮೊದಲೇ ಊಹಿಸಿ ಅದನ್ನೇ ಅಪ್ಪಣೆಯಾಗಿ ಕೊಡುವುದನ್ನು ನನಗೆ ಕಲಿಸಿದಿರಿ. ನೋಡಿದವರೆಲ್ಲ ನಾಯಿ ಎಷ್ಟು ಚೆನ್ನಾಗಿ ಕಲಿತಿದೆ ಎಂದರು.

ಮೊನ್ನೆಯ ಶ್ವಾನಪ್ರದರ್ಶನದ ಮಕ್ಕಳ ವಿಭಾಗದಲ್ಲಿ ನನಗದು ಕೊನೆಯ ಅವಕಾಶ. ಮುಂದಿನ ವರ್ಷ ನನ್ನ ವಯಸ್ಸು ಮೀರುತ್ತದೆ. ಇಷ್ಟು ವರ್ಷ ಸಮಾಧಾನದ ಬಹುಮಾನವಾಗಿ ಬಂದ ಶಾಂಪೂವಿನಲ್ಲಿ ನಾವಿಬ್ಬರೂ ತಲೆ ತೊಳೆದುಕೊಂಡಾಗಿತ್ತು. ಒಂದೇ ಒಂದು ಮೊದಲ ಬಹುಮಾನದ ರಿಬ್ಬನ್ನು ಬೇಕಿತ್ತು. ಅದಕ್ಕೆಂದೇ ಅಪ್ಪ ದಿನಾ ಸಂಜೆ ಅಮ್ಮನನ್ನು ಮದುವೆಯಾದಾಗಿನ ಕೋಟು ತೊಟ್ಟು, ತೀರ್ಪುಗಾರರಾಗಿ, ತಮ್ಮನ್ನು ಇಸ್ತ್ರಿ ಮೇಜಿನ ಮೇಲೆ ನಿಲ್ಲಿಸಿ ತುಟಿ ಎತ್ತಿ ಹಲ್ಲು ನೋಡುತ್ತಿದ್ದರು. ಮೊದಮೊದಲು ಗುರ್ರೆನ್ನುತ್ತಿದ್ದ ತಾವು ವಾರದೊಳಗೆ ಹಲ್ಲುಪುಡಿಯ ಜಾಹೀರಾತಿನಂತೆ ನಿಂತದ್ದು ನನ್ನ ತರಬೇತಿಯ ಫಲವೆಂದು ನಾನು ಬೀಗಿದೆ. ತಿಂಡಿಯ ಆಸೆ ತೋರಿಸಿ ನಾಯಿಗೆ ಕಲಿಸಬಾರದೆಂದು ಉಪದೇಶಿಸುತ್ತಿದ್ದ ಅಪ್ಪನ ಎಡಜೇಬಿನಲ್ಲಿ ಬಿಸ್ಕತ್ತು ಇದ್ದದ್ದು ತಮಗೂ ಅವರಿಗೂ ಮಾತ್ರ ಗೊತ್ತಿತ್ತು.

ಮೊನ್ನೆ ನಿಜವಾದ ತೀರ್ಪುಗಾರರು, ಅವರ ಗ್ರಹಚಾರಕ್ಕೆ, ಕೋಟು ತೊಟ್ಟೇ ಬಂದರು. ಮೇಜಿನ ಮೇಲೆ ತಮ್ಮ ನಿಲುವು ನೋಡಿ ತಲೆದೂಗಿದರು, ಹಲ್ಲು ನೋಡಿ ಮುಗುಳ್ನಕ್ಕರು, ಜೇಬಿನಲ್ಲಿದ್ದ ರಿಬ್ಬನ್ನಿನ ಕಡೆ ಕೈ ಒಯ್ದರು ಎಂದೂ ಆಣೆ ಮಾಡಿ ಹೇಳಬಲ್ಲೆ. ಕೈಗಿಂತ ಮೊದಲು ತಮ್ಮ ಮೂತಿ ಅಲ್ಲಿಗೆ ತಲುಪಿತು. ಬಿಸ್ಕತ್ತು ಸಿಗದ ಸಿಟ್ಟಿಗೆ ತಾವು ರಿಬ್ಬನ್ನನ್ನೇ ಜಗಿಯತೊಡಗಿದಾಗ, ಪ್ರೇಕ್ಷಕರ ಸಾಲಿನಿಂದ ಅಪ್ಪ, "ಅದಲ್ಲ ಕಣೋ ದೊರೆ, ನಂದು ಇಲ್ಲಿದೆ" ಎಂದು ಜೇಬು ತಟ್ಟಿ ತೋರಿಸಿದ್ದು ಇಡೀ ಮೈದಾನಕ್ಕೆ ಕೇಳಿಸಿತು. ಆ ಗಳಿಗೆಯಿಂದ ಅಮ್ಮ ನಮ್ಮ ಮೂವರ ಗುರುತೇ ಇಲ್ಲದವಳಂತೆ ಪಕ್ಕದ ಸಾಲಿಗೆ ಹೋಗಿ ಕೂತಳು.

ಬಹುಮಾನ ಅದೇ ವಿಭಾಗದಲ್ಲಿದ್ದ ದಂತವೈದ್ಯರೊಬ್ಬರ ಮಗಳ ಪಾಲಾಯಿತು. ಆಕೆ ರಿಬ್ಬನ್ನನ್ನು ಎರಡೇ ಬೆರಳಲ್ಲಿ ಹಿಡಿದು, "ಬರೀ ಜೊಲ್ಲು, ನೀನೇ ಇಟ್ಕೋ" ಎಂದು ನನ್ನ ಕೈಗಿಟ್ಟಳು. ಬಹುಮಾನವಿಲ್ಲದ ಆ ರಿಬ್ಬನ್ನು ಈಗ ನಮ್ಮ ಗೋಡೆಯ ಮೇಲಿದೆ. ಬಂದವರು ಕೇಳಿದರೆ ಅಮ್ಮ ಸುಳ್ಳು ಹೇಳುವುದಿಲ್ಲ. ಟೀ ತರಲು ಎದ್ದು ಹೋಗುತ್ತಾಳೆ.

ಆದಕಾರಣ, ಕೋಟು ತೊಟ್ಟವರೆಲ್ಲ ಅಪ್ಪ ಅಲ್ಲವೆಂದು ತಾವು ಪಂಜ ಒತ್ತಿ ಮುಚ್ಚಳಿಕೆ ಬರೆದುಕೊಡಬೇಕಾಗಿ ಪ್ರಾರ್ಥನೆ. ಮುಂದಿನ ವರ್ಷ ದೊಡ್ಡವರ ವಿಭಾಗದಲ್ಲಿ ನಾನು ಹೊಸಬಳು. ಅಲ್ಲಿ ಬೇರೆ ಯಾರ ಹಗ್ಗವನ್ನೂ ಹಿಡಿಯುವ ಉದ್ದೇಶ ನನಗಿಲ್ಲ. ಆದರೆ ತಮ್ಮ ಮೂತಿಯ ಸುತ್ತ, ನನ್ನ ಅನುಮತಿಯನ್ನೇ ಪಡೆಯದೆ, ಬಿಳಿ ಕೂದಲು ಬಂದಿರುವುದನ್ನು ಗಮನಿಸಿದ್ದೇನೆ. ದಯಮಾಡಿ ಅದನ್ನು ಕೂಡಲೇ ಹಿಂತೆಗೆದುಕೊಂಡು, ವಯಸ್ಸಾಗುವುದನ್ನು ನಿಲ್ಲಿಸಬೇಕು. "ನಿಲ್ಲು" ಎಂಬ ಅಪ್ಪಣೆಯನ್ನು ಈ ಒಂದು ವಿಷಯದಲ್ಲಾದರೂ ಪಾಲಿಸಬೇಕು.

ಬಟ್ಟೆಯ ತುಂಬ ತಮ್ಮ ರೋಮ ಹೊತ್ತು ತಿರುಗುವ
ತಮ್ಮ ವಿಶ್ವಾಸಿ,
ತಮ್ಮಿಂದ ತರಬೇತಿ ಪಡೆದವಳು

ತಾ.ಕ.: ಈ ಪತ್ರದ ಪ್ರತಿಯನ್ನು ಮಾಹಿತಿಗಾಗಿ ಹಾಗೂ ಸೂಕ್ತ ಕ್ರಮಕ್ಕಾಗಿ ಪಕ್ಕದ ಮನೆಯ ಬೆಕ್ಕಿಗೆ ಕಳಿಸಲಾಗಿದೆ. ಅಪ್ಪ ಈ ಸೆಕೆಯಲ್ಲೂ ಕೋಟು ತೊಟ್ಟೇ ಓಡಾಡುತ್ತಿದ್ದಾರೆ. ಕೇಳಿದರೆ ಚಳಿ ಎನ್ನುತ್ತಾರೆ. ಅವರ ಎಡಜೇಬನ್ನು ಮುಟ್ಟುಗೋಲು ಹಾಕಿಕೊಂಡಿದ್ದೇನೆ. ಬಿಸ್ಕತ್ತಿಗಾಗಿ ಇನ್ನು ಮುಂದೆ ನನ್ನ ಬಲಜೇಬನ್ನು ಸಂಪರ್ಕಿಸತಕ್ಕದ್ದು.