‘ಬತ್ತೀನಿ’ ಎಂದು ಹೋದವರನ್ನು ಕಾಯುತ್ತ ಕೂತ ಒಂದು ಸಾಲಿಗೆ

ಮಾನ್ಯರೇ,

ಕಿಬ್ಬನಹಳ್ಳಿಯ ನಮ್ಮ ತೋಟಗಾರರ ನೀರು ಸಂಘದ ಕೌಂಟರಿನ ಮೇಲೆ ಕೂತಿರುವ ದೂರಿನ ಯಂತ್ರದೊಳಗೆ, ‘ಬಾಕಿ ಇಡು’ ಎಂಬ ಸಾಧನದ ಪಕ್ಕದಲ್ಲಿ ಬಿಡಾರ ಹೂಡಿರುವ ತಮಗೆ, ಅಂದರೆ ‘ದೂರುದಾರರು ಬರುತ್ತೇನೆ ಎಂದರೆ ಇದನ್ನು ಬಳಸು’ ಎಂಬ ಒಂದೇ ಸಾಲಿನ ವಿವರಣೆಯವರಿಗೆ, ನನ್ನ ಸಾಷ್ಟಾಂಗ ನಮಸ್ಕಾರಗಳು. ಇಷ್ಟು ಸಣ್ಣ ಮೈಯಲ್ಲಿ ಇಷ್ಟು ದೊಡ್ಡ ಕೆಲಸ ಕೆಡಿಸಿದವರನ್ನು ಈ ಸೀಮೆಯಲ್ಲಿ ನಾನು ಬೇರೆ ಕಂಡಿಲ್ಲವಾದ್ದರಿಂದ, ತಮ್ಮ ಕೀರ್ತಿ ನಾಲ್ಕು ಜನಕ್ಕೆ ತಿಳಿಯಲೆಂದು ಈ ಪತ್ರವನ್ನು ಎಲ್ಲರೆದುರಿಗೇ ಬರೆಯುತ್ತಿದ್ದೇನೆ.

ತಮ್ಮನ್ನು ಅರಿಯದವರಿಗಾಗಿ ಎರಡು ಮಾತು. ಈ ಎಐ ಯಂತ್ರ ಎದುರಿಗೆ ನಿಂತವರ ದೂರನ್ನು ಕೇಳಿಸಿಕೊಂಡು, ಅದಕ್ಕೊಂದು ಟಿಕೆಟ್ ನಂಬರು ಕೊಟ್ಟು, ಎಲೆಕ್ಟ್ರಿಷಿಯನ್ ತಿಲಕ್‌ಗೆ ಕಳಿಸುವುದೋ, ಬಾಕಿ ಇಡುವುದೋ, ಮುಗಿಸುವುದೋ ಎಂದು ತಾನೇ ತೀರ್ಮಾನಿಸುತ್ತದೆ. ಅದಕ್ಕೆ ನಮ್ಮ ಊರೂ ಗೊತ್ತಿಲ್ಲ, ನಮ್ಮ ಮುಖವೂ ಗೊತ್ತಿಲ್ಲ. ಈ ಒಂದೊಂದು ಕೆಲಸದ ಸಾಧನಕ್ಕೂ ಬರೆದಿಟ್ಟ ವಿವರಣೆಯನ್ನು ಓದಿಯೇ ಯಾವುದನ್ನು ಎತ್ತಿಕೊಳ್ಳಬೇಕೆಂದು ನಿರ್ಧರಿಸುತ್ತದೆ ಎಂದು, ಅದನ್ನು ಜೋಡಿಸಿಕೊಟ್ಟ ಜೀವಿತಾ ಮೊದಲ ದಿನವೇ ಬಿಡಿಸಿ ಹೇಳಿದ್ದಳು. ಯಾವಾಗ ಬಳಸಬೇಕು, ಯಾವಾಗ ಬಳಸಲೇಬಾರದು, ಬಳಸಿದರೆ ಮುಂದೇನಾಗುತ್ತದೆ ಎಂಬುದನ್ನೆಲ್ಲ ಊರಿಗೆ ಹೊಸದಾಗಿ ಬಂದ ಗುಮಾಸ್ತನಿಗೆ ಹೇಳಿದಂತೆ ಬರೆಯಿರಿ ಎಂದೂ ಬೇಡಿಕೊಂಡಿದ್ದಳು. ತಮ್ಮ ಜನ್ಮದಾತರು ಎಲ್ಲದಕ್ಕೂ ತಲೆಯಾಡಿಸಿ, ಮುಂದಿದ್ದ ಕಾಫಿ ಆರುವುದರೊಳಗೆ ತಮ್ಮನ್ನು ಬರೆದು ಕೈತೊಳೆದುಕೊಂಡರು. ಪಹಣಿ ಮರೆತು ಬಂದವರು ತರುತ್ತೇನೆಂದು ಹೋದರೆ ಅವರ ದೂರನ್ನು ಕಾಯ್ದಿರಿಸುವುದು ಅವರ ಉದ್ದೇಶವಾಗಿತ್ತು, ಆದರೆ ಆ ಉದ್ದೇಶ ಅವರ ಹೊಟ್ಟೆಯಲ್ಲೇ ಉಳಿಯಿತು.

ಇನ್ನು ಗಂಗಕ್ಕನ ವಿಷಯ. ಅವರ ತೋಟದ ಮೇಲೆ ಹಾದುಹೋಗುವ ಸಂಘದ ಪಂಪಿನ ಕರೆಂಟು ತಂತಿ ಜೋತುಬಿದ್ದು, ಮೂಲೆಯ ತೆಂಗಿನಮರದ ಗರಿಗಳಿಗೆ ತಾಗುತ್ತಿತ್ತು. ಕಾಯಿ ಕೆಡವಲು ಹುಚ್ಚರಂಗಯ್ಯ ಬರುವ ದಿನ ಹತ್ತಿರವಾಗಿತ್ತು, ಅವನ ಜೀವಕ್ಕೆ ಏನಾದರೂ ಆದೀತೆಂಬ ಭಯಕ್ಕೆ ಗಂಗಕ್ಕ ಮೂರು ಮೈಲಿ ನಡೆದು ಬಂದರು. ಕೌಂಟರಿನ ಹಿಂದೆ ಕೂತಿದ್ದ ಕಾರ್ಯದರ್ಶಿಗಳು ಪತ್ರಿಕೆಯಿಂದ ಕಣ್ಣೆತ್ತದೆ, ಯಂತ್ರಕ್ಕೇ ಹೇಳಿ ಎಂದು ಬೆರಳು ತೋರಿಸಿದರು. ಗಂಗಕ್ಕ ಯಂತ್ರದ ಮುಂದೆ ನಿಂತು ಎಲ್ಲವನ್ನೂ ಒಪ್ಪವಾಗಿ ಹೇಳಿ, ಸೆರಗು ಸರಿಮಾಡಿಕೊಂಡು, ಯಾರ ಮನೆಯಿಂದ ಹೊರಟರೂ ಹೇಳುವಂತೆ ‘ಬತ್ತೀನಿ ಕಣಪ್ಪ’ ಎಂದು ಹೊರಟರು.

ಅಲ್ಲಿಗೆ ತಾವು ಎಚ್ಚೆತ್ತಿರಿ. ದೂರುದಾರರು ಬರುತ್ತಾರಂತೆ ಎಂದು ಟಿಕೆಟನ್ನು ಬಾಕಿ ಇಡಿಸಿದಿರಿ. ಮೂರು ದಿನ ಕಾದರೂ ಅವರು ಬಾರದ್ದನ್ನು ಕಂಡು, ‘ತಾವು ಬರುತ್ತೇನೆ ಎಂದಿದ್ದಿರಿ, ತಮ್ಮ ಬರವನ್ನು ಎದುರು ನೋಡುತ್ತಿದ್ದೇವೆ’ ಎಂಬ ಮೆಸೇಜು ಕಳಿಸಿದಿರಿ. ತೆಂಗಿನ ತೋಟದವರಿಗೆ ಬರವನ್ನು ಎದುರು ನೋಡುತ್ತಿದ್ದೇವೆ ಎಂದು ಬರೆಯುವ ಗುಂಡಿಗೆ ಯಾರಿಗಿದೆ ಹೇಳಿ. ಮರ್ಯಾದಸ್ಥರಾದ ಗಂಗಕ್ಕ, ಕರೆದಮೇಲೆ ಹೋಗದಿದ್ದರೆ ಹೇಗೆ ಎಂದು ಮತ್ತೆ ನಡೆದು ಬಂದು, ಮತ್ತೆ ಹೇಳಿ, ಮತ್ತೆ ‘ಬತ್ತೀನಿ’ ಎಂದರು. ತಾವು ಮತ್ತೆ ಕಾದಿರಿ. ಹೀಗೆ ಏಳು ಸಲ ನಡೆಯಿತು. ಅಷ್ಟು ದಿನವೂ ತಿಲಕ್ ಏಣಿ ಒರಗಿಸಿಕೊಂಡು, ಈ ತಿಂಗಳು ಕೆಲಸವೇ ಇಲ್ಲ ಎಂದು ಸಂಘವನ್ನು ಹೊಗಳುತ್ತಿದ್ದ.

ಕೊನೆಗೆ ಹುಚ್ಚರಂಗಯ್ಯ ಬಂದೇ ಬಂದ. ಒಂದು ತಂತಿಗೆ ಹೆದರಿದರೆ ಕಸುಬು ಮಾಡಿದಂಗೇ ಎಂದು ಅವನು ಕಾಲಿಗೆ ಹಗ್ಗ ಹಾಕಿಕೊಳ್ಳುತ್ತಿದ್ದರೆ, ಗಂಗಕ್ಕ ಮರಕ್ಕೆ ಬೆನ್ನುಕೊಟ್ಟು ಕೂತುಬಿಟ್ಟರಂತೆ. ‘ಆ ತಂತಿ ಅಲ್ಲಿಂದ ಹೋಗೋ ಗಂಟ ನೀನು ಮ್ಯಾಕೆ ಹೋಗಂಗಿಲ್ಲ ಕಣ್ಲಾ’ ಎಂದರಂತೆ. ಇಬ್ಬರೂ ವಾದಿಸುತ್ತಿರುವಾಗಲೇ ಗಾಳಿ ಬೀಸಿ, ಗರಿ ತಂತಿಗೆ ಉಜ್ಜಿ, ಕಿಡಿ ಹಾರಿ, ಒಣಗರಿಗಳು ಹತ್ತಿಕೊಂಡು ಮರದ ಸುಳಿ ಅವರ ಕಣ್ಣೆದುರೇ ಸುಟ್ಟುಹೋಯಿತು. ಸುಳಿ ಸುಟ್ಟಮೇಲೆ ತೆಂಗು ಬದುಕುವುದಿಲ್ಲ.

ಅದೇ ಮಧ್ಯಾಹ್ನ ಗಂಗಕ್ಕ ಎಂಟನೆಯ ಸಲ ಬಂದರು, ಹಿಂದೆಯೇ ಹುಚ್ಚರಂಗಯ್ಯ. ಅವನು ತನ್ನ ಹಗ್ಗವನ್ನು ಕೌಂಟರಿನ ಮೇಲಿಟ್ಟ. ಗಂಗಕ್ಕ ಯಂತ್ರದ ಕಡೆ ತಿರುಗಿ, ‘ಮರ ಹೋಯ್ತು, ಹೋಗ್ಲಿ ಬುಡು. ಇವನು ಉಳ್ಕಂಡ’ ಎಂದರು. ಬಾಗಿಲಿಗೆ ಹೋದವರು ಅಭ್ಯಾಸಬಲದಿಂದ ತಿರುಗಿ ‘ಬತ್ತೀನಿ ಕಣಪ್ಪ’ ಎಂದರು. ತಾವು ಬಾಕಿ ಇಡಿಸಿದಿರಿ. ಕಾರ್ಯದರ್ಶಿಗಳು ಅಂದು ಮೊದಲ ಬಾರಿಗೆ ಪತ್ರಿಕೆ ಮಡಚಿ ಯಂತ್ರದ ಪರದೆ ನೋಡಿದರು, ತಿಲಕ್‌ಗೆ ತಾವೇ ಫೋನು ಮಾಡಿದರು.

ಆದ್ದರಿಂದ ತಮ್ಮಲ್ಲಿ ಕೆಲವು ಸಣ್ಣ ಬಿನ್ನಹಗಳು. ಒಂದೋ, ತಿಪಟೂರಿನಿಂದ ಹುಳಿಯಾರಿನವರೆಗೆ ಇನ್ನು ಮುಂದೆ ಎಲ್ಲರೂ ಹೊರಡುವಾಗ ‘ಹೋಗ್ತೀನಿ’ ಎಂದೇ ಹೇಳತಕ್ಕದ್ದೆಂದು ತಾವು ಆಜ್ಞೆ ಹೊರಡಿಸಬೇಕು. ಅಪಶಕುನ ನುಡಿದರೆಂದು ಅತ್ತೆಯಂದಿರಿಂದ ಬೀಳುವ ಬೈಗುಳವನ್ನು ಖುದ್ದಾಗಿ ಸ್ವೀಕರಿಸಬೇಕು. ಅದಾಗದಿದ್ದರೆ, ಆ ಮರಕ್ಕೆ ಹೊಸ ಸುಳಿ ಮೂಡಿಸಬೇಕು. ಅದೂ ಆಗದಿದ್ದರೆ ದಯಮಾಡಿ ಸ್ವಲ್ಪ ಉದ್ದ ಬೆಳೆಯಿರಿ. ಹೊರಡುವವರು ಬರುತ್ತೇನೆ ಎಂದರೆ ಹೋಗುತ್ತಿದ್ದಾರೆಂದು ಅರ್ಥ, ಕಾಗದ ತರಲು ಹೋದವರಿಗೆ ಮಾತ್ರ ಬಾಕಿ, ಜೀವದ ಅಪಾಯವಿದ್ದರೆ ಯಾರಿಗೂ ಬಾಕಿ ಇಲ್ಲ, ತಿಳಿಯದಿದ್ದರೆ ಕೇಳು ಎಂಬಷ್ಟನ್ನಾದರೂ ಮೈಮೇಲೆ ಬರೆಸಿಕೊಳ್ಳಿ. ಇದಕ್ಕೆ ಬೇಕಾದ್ದು ಇನ್ನೊಂದು ಲೋಟ ಕಾಫಿ ಅಷ್ಟೇ.

ಪತ್ರಿಕೆಯ ಮರೆಯಲ್ಲಿ ತಮ್ಮನ್ನು ಹೆತ್ತ, ಎಂಟು ಸಲ ‘ಬತ್ತೀನಿ’ ಕೇಳಿಸಿಕೊಂಡೂ ಸುಮ್ಮನಿದ್ದ,
ತಮ್ಮ ವಿಶ್ವಾಸಿ,
ತೋಂಟದಾರ್ಯ, ಕಾರ್ಯದರ್ಶಿ

ಮರೆತ ಮಾತು: ತಮ್ಮನ್ನು ಹನ್ನೊಂದು ಸಾಲಿಗೆ ಬೆಳೆಸಿದ್ದೇನೆ. ಗಂಗಕ್ಕನಿಗೆ ಓದಿ ತೋರಿಸಿದಾಗ, ಇಷ್ಟನ್ನು ನನ್ನನ್ನೇ ಕೇಳಿದ್ದರೆ ಮೊದಲ ದಿನವೇ ಹೇಳುತ್ತಿದ್ದೆನಲ್ಲ ಎಂದರು. ಯಂತ್ರ ಈಗ ಅನುಮಾನ ಬಂದರೆ ಕೇಳುತ್ತದೆ. ಕೌಂಟರಿನೆದುರು ಸೇರಿದ ನಿನ್ನೆಯ ಸಭೆಯಲ್ಲಿ, ಸುಟ್ಟ ಮರದ ಪರಿಹಾರದ ಬಗ್ಗೆ ನಮ್ಮ ಅಧ್ಯಕ್ಷರು ‘ನೋಡೋಣ ಬುಡಿ’ ಎಂದರು. ಇದನ್ನು ‘ಬಾಕಿ’ಗೆ ಹಾಕಲೋ ‘ಮುಗಿಸು’ವಿಗೆ ಹಾಕಲೋ ಎಂದು ಯಂತ್ರ ಎಲ್ಲರೆದುರು ಗಟ್ಟಿಯಾಗಿ ಕೇಳಿತು. ಅಧ್ಯಕ್ಷರು ‘ಬತ್ತೀನಿ’ ಎಂದು ಎದ್ದುಹೋದರು.