ಮಾವನ ಹೊಗೆಯಿಲ್ಲದ ಒಲೆ

ಶನಿವಾರ ಬೆಳಿಗ್ಗೆ ಹತ್ತು ಗಂಟೆ ಹತ್ತು ನಿಮಿಷಕ್ಕೆ ನಮ್ಮ ಸೋದರಮಾವ ಲಿಫ್ಟಿನಿಂದ ಹೊರಗೆ ಬಂದರು. ಕೈಯಲ್ಲಿ ಎರಕದ ಕಬ್ಬಿಣದ ಒಲೆ. ಒಲೆಯ ವಿಷಯದಲ್ಲಿ ಅವರಷ್ಟು ತಿಳಿದವರು ಇಡೀ ಗಲ್ಫಿನಲ್ಲಿ ಇನ್ನೊಬ್ಬರಿಲ್ಲ ಎಂದು ನಾನು ಬರೆದುಕೊಡಬಲ್ಲೆ. ಒಂದು ಲೋಟ ಚಹಾ ಕಾಯಿಸಲು ಬಾರದವರೂ ಇನ್ನೊಬ್ಬರಿಲ್ಲ ಎಂದು ಅದೇ ಕಾಗದದ ಹಿಂಬದಿಯಲ್ಲಿ ಬರೆಯಬೇಕಾಗುತ್ತದೆ.

ಮಾವ ಉಡುಪಿಯ ಕಡೆಯವರು. ಮದುವೆಯಾಗಿಲ್ಲ. ದುಬೈಯ ಅಲ್ ಕುಸೈಸ್‌ನಲ್ಲಿ, ಹೋಟೆಲು ಸಲೂನುಗಳಿಗೆ ಬೋರ್ಡು ಮಾಡಿಕೊಡುವ ಅಂಗಡಿಯಲ್ಲಿ ಕೆಲಸ. ಹುಚ್ಚು ಒಂದೇ: ಹತ್ತೊಂಬತ್ತನೆಯ ಶತಮಾನದ ಕಬ್ಬಿಣದ ಒಲೆಗಳ ಜಾಹೀರಾತು. ಒಲೆಯಲ್ಲ, ಗಮನಿಸಿ, ಜಾಹೀರಾತು. ಅಮೆರಿಕದ, ಇಂಗ್ಲೆಂಡಿನ ಒಲೆ ಕಂಪನಿಗಳು ಆ ಕಾಲದಲ್ಲಿ ಅಂಗಡಿಗೆ ಬಂದವರಿಗೆಲ್ಲ ಪುಕ್ಕಟೆ ಹಂಚುತ್ತಿದ್ದ ಬಣ್ಣದ ಕಾರ್ಡುಗಳು ಅವರ ರೂಮಿನ ಗೋಡೆ ತುಂಬ ಇದ್ದವು. ದೇವರ ಪಟ ಒಂದು ಮೂಲೆಗೆ ಸರಿದು ಹೊಂದಿಕೊಂಡಿತ್ತು.

ನಾನು ಈ ದೇಶಕ್ಕೆ ಹೊಸದಾಗಿ ಬಂದಾಗ ಮಾವ ಮೊದಲು ತೋರಿಸಿದ್ದು ಎತ್ತರದ ಕಟ್ಟಡವನ್ನಲ್ಲ, ಇಂಥ ಒಂದು ಕಾರ್ಡನ್ನು. ಅದರಲ್ಲಿ ಎರಡು ಅಡುಗೆಮನೆ. ಎಡಗಡೆಯದರಲ್ಲಿ ಹಳೆಯ ಒಲೆ, ಹೊಗೆ, ಮುಖ ಊದಿಸಿಕೊಂಡ ಗಂಡ, ಬಡಕಲು ಬೆಕ್ಕು. ಬಲಗಡೆ ಹೊಸ ಒಲೆ, ಉಬ್ಬಿದ ರೊಟ್ಟಿ, ನಗುವ ಗಂಡ.

"ಬೆಕ್ಕನ್ನು ನೋಡು ಮಾರಾಯ್ತಿ," ಎಂದರು ಮಾವ. ಬಲಗಡೆಯ ಬೆಕ್ಕು ಕುಂಬಳಕಾಯಿಯ ಹಾಗೆ ಕೂತಿತ್ತು.

"ಅವರು ಮಾರುವುದು ಒಲೆ ಅಲ್ವಾ ಮಾವ? ಬೆಕ್ಕು ಎಂತಕ್ಕೆ?"

"ಒಲೆ ಯಾರಿಗೆ ಬೇಕು? ಎಲ್ಲರಿಗೂ ಬೇಕಾದ್ದು ದಪ್ಪ ಬೆಕ್ಕು ಇರುವ ಮನೆ."

ಈ ವಿದ್ಯೆಯನ್ನು ಅವರು ಕೆಲಸದಲ್ಲೂ ಬಳಸಿದರು. ಒಂದು ಚಹಾದಂಗಡಿಯ ಬೋರ್ಡಿನ ಮೇಲೆ ಒಲೆ ಜಾಹೀರಾತಿನ ಧಾಟಿಯಲ್ಲಿ ಚಹಾದ ಹದಿನಾಲ್ಕು ಗುಣಗಳನ್ನೂ, ಕುಡಿದು ಸುಖವಾಗಿರುವ ಗ್ರಾಹಕರ ಪ್ರಶಂಸೆಯನ್ನೂ, ನಕಲಿ ಚಹಾದ ಬಗ್ಗೆ ಒಂದು ಎಚ್ಚರಿಕೆಯನ್ನೂ ಬರೆದರು. ಮಾಲೀಕರು ಮಂಗಳೂರಿನ ಬ್ಯಾರಿ. ಬೋರ್ಡನ್ನು ಪೂರ್ತಿ ಓದಿ ಹೇಳಿದರು, "ಭಾಯಿ, ಇದನ್ನು ಓದಿ ಮುಗಿಸುವಾಗ ಚಹಾ ತಣ್ಣಗಾಗ್ತದೆ. 'ಚಾಯ್' ಅಂತ ಬರೀರಿ. ಖಲಾಸ್."

ನನ್ನ ಮದುವೆಯ ಮಾತುಕತೆಯಲ್ಲೂ ಅದೇ ಧಾಟಿ. ಹುಡುಗ ಮೈಸೂರಿನವರು, ಅಬುಧಾಬಿಯಲ್ಲಿ ಕೆಲಸ. ಮಾವ ಅವರನ್ನು ಒಂದು ಗಂಟೆ ಮಾತಾಡಿಸಿ ಬಂದು ವರದಿ ಕೊಟ್ಟರು: "ಸೌದೆ ಕಡಿಮೆ, ಬಿಸಿ ಹೆಚ್ಚು, ಹೊಗೆ ಇಲ್ಲ. ತಲೆಮಾರು ಬಾಳಿಕೆ ಬರುವ ಮಾಲು. ಒಪ್ಪಿಕೋ." ನನ್ನ ಗಂಡ ಇವತ್ತಿಗೂ ಇದನ್ನು ಹೊಗಳಿಕೆ ಎಂದೇ ತಿಳಿದಿದ್ದಾರೆ.

ಒಂದು ಕಾರ್ಡಿನ ಬಗ್ಗೆ ಮಾತ್ರ ನನಗೂ ಮಾವನಿಗೂ ಜಗಳವಾಗಿತ್ತು. ಅದರಲ್ಲಿ ಒಲೆಯ ಪಕ್ಕ ಮಗು ಮಲಗಿದೆ, ಕೆನ್ನೆ ಸೇಬಿನ ಹಾಗೆ ಕೆಂಪಗಿದೆ, ತಾಯಿ ನೋಡಿ ನಗುತ್ತಿದ್ದಾಳೆ. ಕೆಳಗಿನ ಸಾಲಿನ ಅರ್ಥ: ತಾಯೀ, ಅದು ನಿದ್ದೆಯೇ? ಬೇರೆಯವರ ಒಲೆಯ ಸಂದುಗಳಿಂದ ಕಣ್ಣಿಗೆ ಕಾಣದ ವಿಷಗಾಳಿ ಸೋರುತ್ತದೆ, ಅದು ತಗುಲಿದವರ ಕೆನ್ನೆ ಹೀಗೆ ಕೆಂಪೇರುತ್ತದೆ, ನಮ್ಮದರಿಂದ ಸೋರದು ಎಂಬುದು ಕಂಪನಿಯ ವಾದ. "ಆಸೆ ತೋರಿಸಿ ಮಾರಲಿಕ್ಕೆ ಆಗದಿದ್ದರೆ ಹೆದರಿಸಿ ಮಾರುವುದು," ಎಂದು ಮಾವ ಮೆಚ್ಚಿಕೊಂಡರು. ಮಗುವಿನ ಎದುರು ಇಂಥದ್ದನ್ನು ತೋರಿಸಬೇಡಿ ಎಂದು ನಾನು ಅದನ್ನು ತಿರುಗಿಸಿ ಇಟ್ಟೆ. ನನ್ನ ಮಗಳಿಗೆ ಆಗ ನಾಲ್ಕು ವರ್ಷ.

ಈಗ ಲಿಫ್ಟಿನ ಹತ್ತಿರ ಬರೋಣ. ಆ ಶನಿವಾರ ಅಲ್ ರೀಮ್ ಐಲ್ಯಾಂಡಿನ ಹೊಸ ಫ್ಲ್ಯಾಟಿನಲ್ಲಿ ನಾವು ಹಾಲುಕ್ಕಿಸಬೇಕಿತ್ತು. ಅಲ್ಲಿದ್ದದ್ದು ಗಾಜಿನ ಹಲಗೆಯಂಥ ಕರೆಂಟಿನ ಒಲೆ. ಬೆಂಕಿಯೇ ಇಲ್ಲದ ಮೇಲೆ ಎಂಥ ಹಾಲುಕ್ಕಿಸುವುದು ಎಂದು ಊರಿನಿಂದ ಅಮ್ಮ ಫೋನಿನಲ್ಲಿ ಕೊರಗಿದ್ದರು. ಮಾವ ಶಾರ್ಜಾದ ಹಳೆ ಸಾಮಾನಿನ ಅಂಗಡಿಯಿಂದ ಈ ಒಲೆ ಹಿಡಿದು ತಂದಿದ್ದರು. ಕುಕ್ಕರಿನ ಎರಡರಷ್ಟು ದೊಡ್ಡದು, ಮೈತುಂಬ ಹೂಬಳ್ಳಿ, ಎರಡು ಕಡೆ ಹಿಡಿ. ಆ ಕಾಲದ ಮಾರಾಟಗಾರರು ಮಾದರಿ ತೋರಿಸಲು ಊರೂರಿಗೆ ಹೊತ್ತೊಯ್ಯುತ್ತಿದ್ದದ್ದು ಇಂಥದ್ದನ್ನೇ ಅಂತೆ.

"ಹೊಗೆ ಇಲ್ಲ, ಬೂದಿ ಹಾರುವುದಿಲ್ಲ, ಹಿಡಿ ಬಿಸಿಯಾಗುವುದಿಲ್ಲ, ಮಕ್ಕಳೂ ಉರಿಸಬಹುದು," ಎಂದು ಮಾವ ಘೋಷಿಸಿ, ಹುಕ್ಕಾದವರು ಬಳಸುವ ಇದ್ದಿಲನ್ನು ತುಂಬಿದರು.

"ಮಾವ, ಸ್ಮೋಕ್ ಅಲಾರಂ ಕೂಗ್ಕೊಂಡ್ರೆ ಇಡೀ ಟವರ್ ಕೆಳಗಿಳಿಯತ್ತೆ," ಎಂದರು ನನ್ನ ಗಂಡ.

ಮಾವ ಜೇಬಿನಿಂದ ಸ್ನಾನಕ್ಕೆ ಹಾಕುವ ಪ್ಲಾಸ್ಟಿಕ್ ಟೊಪ್ಪಿ ತೆಗೆದರು. "ಇಲ್ಲಿ ಹೋಮ ಮಾಡುವವರೆಲ್ಲ ಇದನ್ನೇ ಮಾಡುವುದು." ಅಲಾರಮ್ಮಿಗೆ ಟೊಪ್ಪಿ ತೊಡಿಸಿದರು. ಹೊಗೆ ಮುಂದಿನ ಕೋಣೆಗೆ ಹೋಗದಿರಲೆಂದು ಅಡುಗೆಮನೆಯ ಬಾಗಿಲು ಮುಚ್ಚಿದೆವು. ಬಾಗಿಲ ಕೆಳಗಿನ ಸಂದಿಗೆ ಒದ್ದೆ ಟವೆಲು. ಕಿಟಕಿ ತೆರೆಯಲು ಬರುವಂಥದ್ದಲ್ಲ. ನಾಲ್ಕು ಜನ ಒಲೆಯ ಸುತ್ತ ಕೂತೆವು.

ಮಾವ ಹೇಳಿದ್ದು ನಿಜ. ಹೊಗೆ ಇರಲಿಲ್ಲ.

ದಪ್ಪ ಕಬ್ಬಿಣ ಕಾಯುವುದು ನಿಧಾನ. ಹಾಲು ಉಕ್ಕುವವರೆಗೆ ಯಾರೂ ಏಳಬಾರದು, ಅದು ನಮ್ಮ ಮನೆಯ ಪದ್ಧತಿ. ಉಕ್ಕುವವರೆಗೆ ಕಾಫಿಯೂ ಇಲ್ಲ. ಸ್ವಲ್ಪ ಹೊತ್ತಿಗೆ ನನ್ನ ತಲೆ ನೋಯತೊಡಗಿತು. ಗಂಡನಿಗೂ.

"ಕಾಫಿ ಬೀಳದೆ ತಲೆ ಸಿಡೀತಿದೆ ಕಣೇ," ಎಂದರು ಅವರು. ಕಾಫಿ ಕುಡಿಯುವ ಜಾತಿಯವರಿಗೆ ಈ ಕಾರಣ ಸಾಕು, ಇನ್ನೊಂದು ಹುಡುಕುವುದಿಲ್ಲ.

ಮಾವ ಯಾವುದೋ ಒಲೆಯನ್ನು ಕೊಂಡು ಸುಖಿಯಾದ ಪಾದ್ರಿಯ ಪ್ರಶಂಸೆಯನ್ನು ವರ್ಣಿಸುತ್ತಿದ್ದವರು ನಡುವೆ ನಿಲ್ಲಿಸಿದರು. ನನ್ನ ತೊಡೆಯ ಮೇಲೆ ಮಗಳು ಮಲಗಿದ್ದಳು. ಕೆನ್ನೆ ಕೆಂಪಗಿತ್ತು.

"ಮಗು ಯಾವಾಗ ಮಲಗಿದ್ದು?"

"ಈಗಷ್ಟೇ. ಬೇಗ ಎಬ್ಬಿಸಿದ್ದಲ್ವಾ."

"ಕರೆ ಅವಳನ್ನು."

ಕರೆದೆ. ಅಲುಗಾಡಿಸಿ ಕರೆದೆ.

"ಎಲ್ಲ ಹೊರಗೆ," ಎಂದರು ಮಾವ. "ಯಲ್ಲಾ, ಏಳಿ."

ನಾನು ಆಗ ಆಡಿದ ಮಾತು ಇವತ್ತಿಗೂ ಕಿವಿಯಲ್ಲಿದೆ. "ಹಾಲು ಉಕ್ಕಲಿಲ್ಲ ಮಾವ."

ಅವರು ಮಗುವನ್ನು ಎತ್ತಿಕೊಂಡು, ಟವೆಲನ್ನು ಒದ್ದು, ಕಾರಿಡಾರಿಗೆ ಓಡಿದರು. ನಾನು ಗೋಡೆ ಹಿಡಿದು ಹೋದೆ. ಗಂಡ ಬಾಗಿಲ ಹೊರಗೆ ಬಂದು ಮೊಣಕಾಲೂರಿದರು. ಮಗುವನ್ನು ನನ್ನ ಮಡಿಲಿಗೆ ಹಾಕಿ ಮಾವ ಮತ್ತೆ ಒಳಗೆ ಹೋದರು. ಒಲೆಯನ್ನು ಪಾತ್ರೆಯ ಸಮೇತ ಎರಡು ಹಿಡಿಯಲ್ಲಿ ಎತ್ತಿ ಬಾಲ್ಕನಿಗೆ ಸಾಗಿಸಿದರು. ಬಿಸಿಯಾಗುವುದಿಲ್ಲ ಎಂದು ಕಂಪನಿ ಹೇಳಿದ್ದ ಹಿಡಿ ಅದು. ಎರಡೂ ಅಂಗೈ ಸುಟ್ಟಿತು. ಬಾಲ್ಕನಿಯಲ್ಲಿ ಹಾಲು ಉಕ್ಕಿತಂತೆ, ಅದೂ ಪೂರ್ವಕ್ಕೆ. ಅಮ್ಮನಿಗೆ ಊರಲ್ಲಿ ಅಷ್ಟನ್ನೇ ತಿಳಿಸಿದೆವು.

ಇದ್ದಿಲಿನ ವಿಷಗಾಳಿ ಎಂದು ಹೇಳಿ ಆಸ್ಪತ್ರೆಯಲ್ಲಿ ನಮಗೆಲ್ಲ ಆಕ್ಸಿಜನ್ ಹಾಕಿದರು. ಮಗಳು ಮಾಸ್ಕಿನೊಳಗಿಂದ ಕಣ್ಣು ಬಿಟ್ಟು ಕೇಳಿದ್ದು, "ಅಮ್ಮಾ, ಡಿಡ್ ದ ಮಿಲ್ಕ್ ಕಮ್ ಔಟ್?"

ನಿಮಗೆ ಹೇಗೆ ಗೊತ್ತಾಯಿತು ಎಂದು ಡಾಕ್ಟರು ಮಾವನನ್ನು ಕೇಳಿದರು. ಜಾಹೀರಾತಿನಿಂದ, ಎಂದರು ಮಾವ. ಕೆನ್ನೆ ಒಲೆಯ ಬಿಸಿಗೂ ಕೆಂಪಾಗುತ್ತದೆ, ಅದನ್ನು ನಂಬಿ ಕೂರಬೇಡಿ ಎಂದು ಡಾಕ್ಟರು ತಿದ್ದಿದರು. ಅಂದರೆ ಆ ಜಾಹೀರಾತೂ ಅರ್ಧ ಸುಳ್ಳೇ. ಉಳಿದ ಅರ್ಧದಿಂದ ನಾವು ನಾಲ್ವರು ಉಳಿದೆವು.

ಆಮೇಲೆ ನನ್ನ ನಿದ್ದೆ ಹಾರಿಹೋಯಿತು. ಮಗಳು ಉಸಿರಾಡುತ್ತಿದ್ದಾಳೆಯೇ ಎಂದು ಮೂಗಿನ ಹತ್ತಿರ ಬೆರಳು ಹಿಡಿಯುವುದು ನನ್ನ ಹೊಸ ಉದ್ಯೋಗ. ನಿದ್ದೆಯಲ್ಲಿ ಕೆನ್ನೆ ಸ್ವಲ್ಪ ಬಣ್ಣವೇರಿದರೂ ಎಬ್ಬಿಸುತ್ತಿದ್ದೆ. ದಿನಾ ಬೆಳಿಗ್ಗೆ ಆರು ಗಂಟೆಗೆ ಸರಿಯಾಗಿ ಮಾವನ ಫೋನು.

"ಮಗು ಎದ್ದಿತಾ?"

"ಎದ್ದಳು ಮಾವ."

"ಆಯ್ತು." ಇಷ್ಟೇ. ಒಲೆಯ ಮಾತು ಒಂದೂ ಇಲ್ಲ. ಒಮ್ಮೆ ಅವರನ್ನು ನೋಡಿ ಬಂದ ಗಂಡ ಹೇಳಿದರು, ಗೋಡೆ ಖಾಲಿಯಂತೆ, ಬರೀ ಟೇಪಿನ ಗುರುತುಗಳಂತೆ. ದೇವರ ಪಟ ಮಾತ್ರ ಇನ್ನೂ ಮೂಲೆಯಲ್ಲೇ ಇದೆಯಂತೆ.

ಒಂದು ಭಾನುವಾರ ಮುಖದ ಮೇಲೆ ಬಿಸಿಲು ಬಿದ್ದು ಎಚ್ಚರವಾಯಿತು. ಗಂಟೆ ಒಂಬತ್ತು ದಾಟಿತ್ತು. ರಾತ್ರಿ ಒಮ್ಮೆಯೂ ಎದ್ದಿರಲಿಲ್ಲ ನಾನು. ಫೋನು ಬಂದಿರಲಿಲ್ಲ. ಎದ್ದು ಮುಂದಿನ ಕೋಣೆಗೆ ಓಡಿದೆ. ಮಗಳು ನೆಲದ ಮೇಲೆ ಕೂತು ಬೆಕ್ಕೊಂದನ್ನು ಬಿಡಿಸುತ್ತಿದ್ದಳು. ಸಾಕಷ್ಟು ದಪ್ಪ ಬೆಕ್ಕು.

ಮಾವನಿಗೆ ಫೋನು ಮಾಡಿದೆ. ಬಹಳ ಹೊತ್ತು ರಿಂಗಾಯಿತು.

"ಹಲೋ," ಎಂದಿತು ದಪ್ಪ ಗಂಟಲು. "ಗಂಟೆ ಎಷ್ಟು?"

"ಒಂಬತ್ತೂಕಾಲು. ನೀವು ಫೋನ್ ಮಾಡಲಿಲ್ಲ."

"ಮಲಗಿಬಿಟ್ಟೆ ಮಾರಾಯ್ತಿ."

ಆರು ಗಂಟೆಗೆ ಫೋನು ಮಾಡುವವರು ಐದೂವರೆಗೆ ಏಳುತ್ತಾರೆ ಎಂದು ನಾನು ತಿಳಿದಿದ್ದೆ. ಅವರು ಆರು ಗಂಟೆಯಾಗಲೆಂದು ರಾತ್ರಿಯಿಡೀ ಕಾಯುತ್ತ ಕೂತಿರುತ್ತಾರೆ ಎಂದು ಒಂದು ದಿನವೂ ಹೊಳೆದಿರಲಿಲ್ಲ.

"ಇನ್ನೂ ಸ್ವಲ್ಪ ಮಲಗಿ ಮಾವ," ಎಂದೆ. "ಮಗು ಎದ್ದಿದ್ದಾಳೆ."